ಹಿಡಿಯೊಳಗಿನ ದಾರ

ಶಿರೂರು,
೩ ನವೆಂಬರ್ ೨೦೨೫, ಸೋಮವಾರ

ಕೇದಾರ ಅವರಿಗೆ,

ನಮಸ್ಕಾರ. ಕ್ಷೇಮ ಕೇಳುವ ಮನಸ್ಸಿಲ್ಲ, ಅದಕ್ಕೇ ಕೇಳುತ್ತಿಲ್ಲ. ಫೋನ್ ಮಾಡಬಹುದಿತ್ತು, ಆದರೆ ನೀವು ಎರಡನೇ ಮಾತಿಗೇ ಆಮೇಲೆ ಮಾತಾಡೋಣ ಎಂದು ಇಟ್ಟುಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೆ ಓದಲೇಬೇಕು. ಅಲ್ಲಲ್ಲಿ ಕರಿ ಬೆರಳಿನ ಗುರುತು ಕಂಡರೆ ಅದು ಗ್ರೀಸು. ಎರಡು ಸಲ ಸಾಬೂನು ಹಚ್ಚಿದರೂ ಹೋಗಿಲ್ಲ.

ಬರುವ ರವಿವಾರ ನಾನು ಸದಾಶಿವ ಪೇಠದ ನಿಮ್ಮ ಮನೆಗೆ ಬಂದು, ನಿಮ್ಮ ಕಾಕಾ, ಕಾಕು ಎಲ್ಲರೆದುರು ಅತ್ತೆಯವರ ಕಾಲು ಹಿಡಿದು, ಸಿಟ್ಟಿನಲ್ಲಿ ಗಾಡಿ ಓಡಿಸಿ ಅವರನ್ನು ಕೆಡವಿದೆ, ತಪ್ಪಾಯಿತು ಎನ್ನಬೇಕು. ಹಾಗಂದರೆ ಮಾತ್ರ ಮನೆಯೊಳಗೆ ಜಾಗ ಎಂದು ಮೆಸೇಜು ಹಾಕಿದ್ದೀರಿ. ಅದಕ್ಕೆ ಮೊದಲೇ ನನ್ನ ಸೀರೆಗಳ ಗಂಟನ್ನೂ ನನ್ನ ಅಪ್ಪನ ಹಳೆಯ ಮೋಟರ್ ಸೈಕಲ್ಲನ್ನೂ ಟೆಂಪೊದಲ್ಲಿ ಹೇರಿ ಇಲ್ಲಿ ಅವ್ವನ ಮನೆಗೆ ಇಳಿಸಿದಿರಿ. ಗಾಡಿ ಕಳಿಸಿದ್ದು ಒಳ್ಳೆಯದೇ ಆಯಿತು. ನಿಮಗಲ್ಲ, ನನಗೆ.

ಶನಿವಾರ ಅದನ್ನು ಬಿಚ್ಚಿದೆ. ರೇಸ್ ಕೊಡುವ ಬಲಗಡೆಯ ಹಿಡಿ, ತಿರುಗಿಸಿ ಬಿಟ್ಟರೆ ತಾನಾಗಿ ಹಿಂದಕ್ಕೆ ಬರಬೇಕಾದದ್ದು, ತಿರುಗಿಸಿದಲ್ಲೇ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಅವತ್ತೂ ಹೀಗೆಯೇ ಆದದ್ದು. ಅತ್ತೆಯವರನ್ನು ಹಿಂದೆ ಕೂರಿಸಿಕೊಂಡು ಭಜನೆಗೆ ಹೊರಟಿದ್ದೆ. ತಿರುವಿನಲ್ಲಿ ನಾನು ಕೈ ಸಡಿಲ ಬಿಟ್ಟೆ, ರೇಸ್ ಇಳಿಯಲಿಲ್ಲ. ಬ್ರೇಕ್ ಒತ್ತಿದರೂ ಗಾಡಿ ಮುಂದಕ್ಕೇ ಜಗ್ಗಿತು. ನಾನು ಕ್ಲಚ್ ಹಿಡಿಯುವಷ್ಟರಲ್ಲಿ ಅವರು ಬಿದ್ದು ಮುಂಗೈ ಮುರಿದಿತ್ತು. ಇದನ್ನು ಆಸ್ಪತ್ರೆಯಲ್ಲಿ ಮೂರು ಸಲ ಹೇಳಿದೆ. ಬೆಳಿಗ್ಗೆ ಜಗಳವಾಗಿತ್ತಲ್ಲ, ಅದಕ್ಕೇ ಬೇಕೆಂದೇ ಕೆಡವಿದಳು ಎಂದು ಅವರು ಅಂದರು. ನೋವಿನಲ್ಲಿದ್ದವರ ಮಾತು, ನಾನು ಹಿಡಿದು ಕೂರುವುದಿಲ್ಲ. ನೀವು ಮಂಚದ ಪಕ್ಕ ನಿಂತು ಅಂದದ್ದು ಮಾತ್ರ ಕಿವಿಯಿಂದ ಹೋಗುತ್ತಿಲ್ಲ. "ಆಕೀಗೆ ಮೊದಲಿಂದನೂ ಗಾಡಿ ಮ್ಯಾಲ ಹಿಡಿತ ಇಲ್ಲವ್ವಾ." ಹದಿನೆಂಟನೇ ವಯಸ್ಸಿನಿಂದ ಆ ಗಾಡಿ ಓಡಿಸುತ್ತಿರುವವಳು ನಾನು. ನಿಮಗೆ ಕಲಿಸಿದವಳೂ ನಾನೇ.

ಎರಡು ಸ್ಕ್ರೂ ತೆಗೆದು ಹಿಡಿಯನ್ನು ಹ್ಯಾಂಡಲ್ಲಿನಿಂದ ಜಾರಿಸಿದೆ. ಥೂ! ಕೊಳೆತ ಚೆಂಡುಹೂವಿನ ಎಸಳು, ಎಣ್ಣೆಯಲ್ಲಿ ಕಲಸಿದಂತಾದ ಕುಂಕುಮ, ಸತ್ತ ಇರುವೆಗಳು, ಇವೆಲ್ಲದರ ನಡುವೆ ಕೇಬಲ್ ಸುತ್ತುವ ಜಾಗದಲ್ಲೇ ಹೂಮಾಲೆಯ ದಾರ ಮೂರು ಸುತ್ತು ಬಿಗಿದು ಕೂತಿತ್ತು. ಆ ವಾಸನೆಗೆ ಸೆರಗನ್ನು ಮೂಗಿಗೆ ಕಟ್ಟಿಕೊಂಡೆ. ದಸರೆಗೆ ಗಾಡಿ ಪೂಜೆ ಮಾಡಿ ಹ್ಯಾಂಡಲ್ಲಿಗೆ ಮಾಲೆ ಹಾಕಿದ್ದೆವಲ್ಲ, ಒಣಗಿದ ಮೇಲೆ ಅದನ್ನು ನೀವು ಬಿಚ್ಚಲಿಲ್ಲ. ಆಫೀಸಿಗೆ ಹೊರಡುವ ಅವಸರದಲ್ಲಿ ಜಗ್ಗಿ ಕಿತ್ತಿರಿ. ಹೂ ಕೈಗೆ ಬಂತು, ದಾರ ಒಳಗೇ ಉಳಿಯಿತು. ಮಾಲೆ ಕಟ್ಟಿದವರಾರು ಎಂಬ ಮಾತು ಈಗ ಬೇಡ.

ದಾರವನ್ನು ಚಿಮಟದಿಂದ ಎಳೆದು ತೆಗೆದೆ. ನನ್ನ ಸೀರೆಗಳ ಗಂಟಿನಲ್ಲಿ ನಿಮ್ಮದೊಂದು ಹಳೆಯ ಬನಿಯನ್ ಬಂದಿತ್ತು, ಅದನ್ನೇ ಪೆಟ್ರೋಲಿನಲ್ಲಿ ಅದ್ದಿ ಆ ರಾಡಿಯನ್ನೆಲ್ಲ ಒರೆಸಿದೆ. ಹೊಸ ಗ್ರೀಸು ತೆಳ್ಳಗೆ ಸವರಿ ಜೋಡಿಸಿದೆ. ಈಗ ಕೈ ಬಿಟ್ಟರೆ ಟಪ್ಪನೆ ಹಿಂದಕ್ಕೆ ಬರುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಕೈ ತೊಳೆದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಬಿಚ್ಚುವ ಮೊದಲು, ಯಾವ ಸ್ಕ್ರೂ ಮುಟ್ಟಬೇಕು ಎಂದು ಕೇಳಲು ಪೇಠದ ನಮ್ಮ ಓಣಿಯ ಮೆಕ್ಯಾನಿಕ್ ಸುಹಾಸನಿಗೆ ಫೋನ್ ಮಾಡಿದ್ದೆ. ಪಾಪ, ಅವನಿಗೇನು ಗೊತ್ತು, ಇನ್ನೂ ಅದೇ ತೊಂದರೆಯೇ ವಹಿನಿ ಎಂದು ಮರಾಠಿಯಲ್ಲಿ ಕೇಳಿದ. ದಸರೆ ಮುಗಿದು ವಾರಕ್ಕೆ ನೀವೇ ಅವನ ಹತ್ತಿರ ಹೋಗಿದ್ದಿರಂತೆ. ರೇಸ್ ಹಿಂದಕ್ಕೆ ಬರುತ್ತಿಲ್ಲ ಎಂದಿರಂತೆ. ಸಂಜೆಯವರೆಗೆ ಬಿಟ್ಟು ಹೋಗಿ, ಸರಿಯಾಗುವವರೆಗೆ ಗಾಡಿ ಯಾರ ಕೈಗೂ ಕೊಡಬೇಡಿ ಎಂದು ಅವನು ಹೇಳಿದನಂತೆ. ನೀವು ನಾಳೆ ತರುತ್ತೇನೆ ಎಂದು ಬಂದುಬಿಟ್ಟಿರಿ. ಅದಾಗಿ ಆರನೆಯ ದಿನ ಅದೇ ಗಾಡಿಯ ಮೇಲೆ ನಿಮ್ಮ ಅವ್ವನನ್ನು ನನ್ನ ಹಿಂದೆ ನೀವೇ ಕೈ ಹಿಡಿದು ಕೂರಿಸಿದಿರಿ.

ಮರೆತಿದ್ದಿರಿ ಎಂದೇ ಇಟ್ಟುಕೊಳ್ಳೋಣ, ಮರೆವನ್ನು ಕ್ಷಮಿಸುತ್ತಿದ್ದೆ. ಆದರೆ ಆಸ್ಪತ್ರೆಯಲ್ಲಿ ರೇಸ್ ಸಿಕ್ಕಿಕೊಂಡಿತು ಎಂದು ನಾನು ಹೇಳುವಾಗ ನಿಮಗೆ ನೆನಪಾಗಿತ್ತು. ನೀವು ಕಿಟಕಿಯ ಕಡೆ ಮುಖ ತಿರುಗಿಸಿದ್ದನ್ನು ಅವತ್ತೇ ನೋಡಿದ್ದೆ, ಯಾಕೆಂದು ಶನಿವಾರ ತಿಳಿಯಿತು. ಛೀ, ಕೇದಾರ. ಆ ಹಿಡಿಯೊಳಗಿನ ರಾಡಿಯನ್ನಾದರೂ ಒರೆಸಬಹುದು. ಇಂಥವರ ಜೊತೆ ಹನ್ನೊಂದು ವರ್ಷ ಸಂಸಾರ ಮಾಡಿದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ರವಿವಾರ ಬರುತ್ತೇನೆ. ಅದೇ ಗಾಡಿಯ ಮೇಲೆ ಬರುತ್ತೇನೆ, ಕರೆದೊಯ್ಯಲು ಯಾರೂ ಬರುವುದು ಬೇಡ. ಅತ್ತೆಯವರಿಗೆ ನಮಸ್ಕಾರ ಮಾಡುತ್ತೇನೆ, ಕೈ ಹೇಗಿದೆ ಎಂದು ಕೇಳುತ್ತೇನೆ. ಬೇಕೆಂದೇ ಕೆಡವಿದೆ ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ.

ಇಂತಿ,
ನೀಲಿಮಾ

ತಾ.ಕ.: ಆ ದಾರ ನನ್ನದೇ. ಸೀರೆಗೆ ಫಾಲ್ ಹಚ್ಚುವ ಗುಲಾಬಿ ನೈಲಾನ್ ದಾರ. ನೂಲು ಮುಗಿದಿತ್ತು, ಇದು ಗಟ್ಟಿಯಿರುತ್ತದೆ ಎಂದು ಮಾಲೆಯನ್ನು ಇದರಲ್ಲೇ ಕಟ್ಟಿದ್ದೆ. ನೂಲಾಗಿದ್ದರೆ ಹರಿದುಹೋಗುತ್ತಿತ್ತು, ಅತ್ತೆಯವರ ಕೈ ಉಳಿಯುತ್ತಿತ್ತು. ಇಷ್ಟನ್ನು ಬರೆದು, ದಾರದ ತುಂಡನ್ನೂ ಇಟ್ಟು, ಅವರ ಹೆಸರಿಗೆ ಬೇರೆ ಕಾಗದ ಇವತ್ತೇ ಹಾಕಿದ್ದೇನೆ. ಸುಹಾಸ ಹೇಳಿದ್ದರ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಅದನ್ನು ನೀವೇ ಅವರಿಗೆ ಹೇಳಬೇಕು. ರವಿವಾರದವರೆಗೆ ಸಮಯವಿದೆ.