ಪುರಾವೆಗೆ ಕೊಟ್ಟ ಮಕ್ಕಳು

ಬುಧವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಕುಳ್ಳಿ,

ನಿನ್ನ ಪತ್ರ ಬಂದು ಐದು ವಾರವಾಯಿತು. ತಡವಾದದ್ದಕ್ಕೆ ಕ್ಷಮಿಸು. ಕಣ್ಣಿನ ಪೊರೆ ತೆಗೆಸಿಕೊಂಡೆ, ಓದಬೇಡಿ ಬರೆಯಬೇಡಿ ಎಂದು ಡಾಕ್ಟರು ಹೇಳಿದ್ದರು ಎಂದರೆ ನೀನು ನಂಬುತ್ತೀಯ. ಅದು ನಿಜವೂ ಹೌದು. ಆದರೆ ಆ ಪಥ್ಯ ಮುಗಿದು ಮೂರು ವಾರ ಕಳೆದಿದೆ. ಉಳಿದ ದಿನಗಳೆಲ್ಲ ನಿನಗೆ ಏನೇನು ಬರೆಯಬಾರದು ಎಂದು ಯೋಚಿಸುವುದರಲ್ಲಿ ಹೋದವು. ಈಗ ಎಲ್ಲವನ್ನೂ ಬರೆದುಬಿಡುವುದೇ ಸಲೀಸು ಎನ್ನಿಸಿದೆ.

ಮೊದಲು ಅಭಿನಂದನೆ. ಸರ್ಕಾರದ ಸುತ್ತೋಲೆಯನ್ನು ಪೆನ್ಸಿಲು ಹಿಡಿದು ಎರಡು ಸಲ ಓದಿದೆ. ಬರುವ ವರ್ಷದಿಂದ ಎಲ್ಲ ಶಾಲೆಗಳಲ್ಲೂ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ, ಅದರ ಉಚ್ಚಾರ, ಆಮೇಲೆ ಅಕ್ಷರ ಕೂಡಿಸಿ ಓದುವುದು, ಇದೇ ಕ್ರಮವಂತೆ. ಚಿತ್ರ ನೋಡಿ ಪದ ಊಹಿಸುವ ಪುಸ್ತಕಗಳನ್ನೆಲ್ಲ ವಾಪಸು ಪಡೆಯುತ್ತಾರಂತೆ. ಹದಿನೇಳು ಪುಟಗಳಲ್ಲಿ 'ಪುರಾವೆ' ಎಂಬ ಮಾತು ನಲವತ್ತೊಂದು ಸಲ ಬಂದಿದೆ. 'ಕ್ಷಮಿಸಿ' ಎಂಬುದು ಒಂದು ಸಲವೂ ಬಂದಿಲ್ಲ. ಆ ಪುಸ್ತಕಗಳನ್ನು ಶಾಲೆಗೆ ತಂದವರು ಯಾರು ಎಂಬುದೂ ಇಲ್ಲ. ತಾವಾಗಿಯೇ ನಡೆದುಕೊಂಡು ಬಂದವೇನೋ.

ಕೈಪಿಡಿ ಸಮಿತಿಗೆ ನೀನೇ ಅಧ್ಯಕ್ಷೆ. ಮೂವತ್ತೆರಡು ವರ್ಷ ಚಿತ್ರದ ಪುಸ್ತಕ ಹೊತ್ತು ಊರೂರು ತಿರುಗಿ ಶಿಕ್ಷಕರಿಗೆ ತರಬೇತಿ ಕೊಟ್ಟವಳು, ಈಗ ಅದನ್ನು ಬಿಡಿಸಲು ಊರೂರು ತಿರುಗುತ್ತೀಯ. ಬ್ಯಾಗು ಅದೇ ಇರಬೇಕು.

ನೀನು ನನ್ನಿಂದ ಕೇಳಿರುವುದು ಎರಡು. ನನ್ನ ಬಳಿ ಉಳಿದಿರುವ ಹಳೆಯ ಹಾಜರಿ ಪುಸ್ತಕ, ಮತ್ತು ನಮ್ಮಿಬ್ಬರ ಪ್ರಯೋಗ ಯಾವ ಪಕ್ಷಪಾತವೂ ಇಲ್ಲದೆ ನಡೆಯಿತು ಎಂಬುದಕ್ಕೆ ನನ್ನ ಸಹಿ. ಕೈಪಿಡಿಯ ಮೊದಲ ಅಧ್ಯಾಯವೇ ನಮ್ಮ ಪ್ರಯೋಗವಂತೆ. 'ಇತಿಹಾಸದಲ್ಲಿ ನಿನ್ನ ಹೆಸರೂ ಉಳಿಯುತ್ತೆ ಕಣೇ' ಎಂದು ಬರೆದಿದ್ದೀಯ. ಉಳಿಯಲಿ. ಆದರೆ ಇತಿಹಾಸ ಎಂದ ಮೇಲೆ ಪೂರ್ತಿ ಬರೆಯೋಣ. ನಿನಗೆ ಮರೆವು ಬಂದಿದ್ದರೆ ನಾನಿದ್ದೇನೆ.

ಪ್ರಯೋಗ ಶುರುವಾದ ವರ್ಷ ನಮ್ಮ ಶಾಲೆಯ ಒಂದನೇ ತರಗತಿಗೆ ಅರವತ್ತು ಮಕ್ಕಳು. ಅವರಲ್ಲಿ ನಿನ್ನ ಮಗ ಒಬ್ಬ, ನನ್ನ ಮಗಳು ಒಬ್ಬಳು. ಅಕ್ಷರ ಕೂಡಿಸಿ ಓದಿಸುವ ತರಗತಿ ನನ್ನದು, ಚಿತ್ರ ನೋಡಿ ಊಹಿಸಿ ಓದಿಸುವ ತರಗತಿ ನಿನ್ನದು. ಎರಡು ವರ್ಷ ಕಳೆದ ಮೇಲೆ ಎರಡೂ ತರಗತಿಯ ಮಕ್ಕಳಿಗೆ ಒಂದೇ ಪರೀಕ್ಷೆ. ಯಾರು ಯಾವ ಕಡೆ ಎಂದು ನಾವು ಆರಿಸಬಾರದು, ಚೀಟಿ ಎತ್ತಬೇಕು ಎಂದವಳು ನೀನು. ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿ ಹಾಕಿ ಮುಖ್ಯೋಪಾಧ್ಯಾಯರಿಂದ ಎತ್ತಿಸಿದೆವು. ನಮ್ಮಿಬ್ಬರ ಮಕ್ಕಳೂ ನಿನ್ನ ತರಗತಿಗೆ ಬಿದ್ದರು. 'ನೋಡಿದ್ಯಾ, ನಮ್ಮ ಮಕ್ಕಳಿಗೂ ರಿಯಾಯಿತಿ ಇಲ್ಲ' ಎಂದು ನೀನು ಬೀಗಿದೆ.

ಮೂರನೇ ವಾರ ಮಗನ ಕೈ ಹಿಡಿದುಕೊಂಡು ನನ್ನ ತರಗತಿಯ ಬಾಗಿಲಿಗೆ ಬಂದು ನಿಂತೆ.

'ಇವನನ್ನ ನೀನೇ ಇಟ್ಕೋ. ಅಮ್ಮ ಅಂತ ಸಲಿಗೆ, ನನ್ನ ಮಾತು ಕೇಳಲ್ಲ.'

'ಇಲ್ಲಿ ಮೂವತ್ತೊಂದಾಗುತ್ತಲ್ಲೇ?'

'ಒಂದನ್ನ ಈ ಕಡೆ ಕಳಿಸು.'

'ಒಂದನ್ನ' ಎಂದೆ ನೀನು, ಬೆಂಚನ್ನೋ ಸ್ಟೂಲನ್ನೋ ಕೇಳಿದ ಹಾಗೆ. ಬಾಗಿಲ ಹತ್ತಿರ ಕೂತಿದ್ದಳು ಎಂಬ ಒಂದೇ ಕಾರಣಕ್ಕೆ ನಾನು ಬಸ್ ಕಂಡಕ್ಟರನ ಮಗಳನ್ನು ಎಬ್ಬಿಸಿದೆ. ಅವಳು ಆಗಲೇ ಹದಿನೆಂಟು ಅಕ್ಷರ ಕಲಿತಿದ್ದಳು. 'ನಾನೇನ್ ತಪ್ಪು ಮಾಡ್ದೆ ಟೀಚರ್?' ಎಂದು ಕೇಳಿದಳು. ನಾನು ಚೀಲವನ್ನು ಅವಳ ಹೆಗಲಿಗೆ ಹಾಕಿದೆ. ನೀನು ನನ್ನ ಹಾಜರಿ ಪುಸ್ತಕ ತೆಗೆದು ಅವಳ ಹೆಸರು ಹೊಡೆದು, ಅದರ ಮೇಲೆ ನಿನ್ನ ಮಗನ ಹೆಸರು ಬರೆದೆ.

ಆ ಸಂಜೆ ಸ್ಟಾಫ್ ರೂಮಿನಲ್ಲಿ ನಾನು ಕೇಳಿದೆ: 'ಹಾಗಾದ್ರೆ ನನ್ನ ಮಗಳನ್ನೂ ಈ ಕಡೆ ಕರ್ಕೊಳ್ಳಲಾ?'

ನೀನು ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದೆ. ತಲೆ ಎತ್ತಲಿಲ್ಲ. 'ಇಬ್ಬರು ಟೀಚರ್ ಮಕ್ಕಳೂ ಒಂದೇ ಕಡೆ ಹೋದ್ರೆ ನೋಡಿದವರು ಏನಂದಾರು? ನೀನಾದ್ರೂ ನಿಯತ್ತಾಗಿರು.'

ನಾನು ನಿಯತ್ತಾಗಿದ್ದೆ. ಮೂರೇ ತಿಂಗಳಲ್ಲಿ ನಿನ್ನ ಮಗ ಬಸ್ಸಿನ ಬೋರ್ಡು ಓದಿದ. ನೀನು ಸ್ಟಾಫ್ ರೂಮಿಗೆಲ್ಲ ಸಿಹಿ ಹಂಚಿದೆ. 'ಸದ್ಯ, ನಿನ್ನ ಕೈಗೆ ಬಂದು ಬಚಾವಾದ' ಎಂದು ಆ ಖುಷಿಯಲ್ಲಿ ನಿನ್ನ ಬಾಯಿ ಜಾರಿತು. ಸಲಿಗೆ ಎಂಬುದು ಬರೀ ನೆಪ ಎಂದು ನನಗೆ ಅವತ್ತೇ ಗೊತ್ತಾಯಿತು. ನಿನ್ನ ಕ್ರಮದಲ್ಲಿ ಮಕ್ಕಳಿಗೆ ಓದು ಬರುವುದಿಲ್ಲವೆಂದು ಮೊದಲು ಕಂಡುಕೊಂಡವಳು ನೀನೇ. ಆ ಪುರಾವೆಯನ್ನು ಒಂದೇ ಒಂದು ಮಗುವಿನ ಮೇಲೆ ಖರ್ಚು ಮಾಡಿದೆ. ಸಿಹಿಯನ್ನು ನಾನೂ ತಿಂದೆ.

ಪರೀಕ್ಷೆಯ ದಿನ ನಿನ್ನ ತರಗತಿಯ ಮಕ್ಕಳು ಪುಸ್ತಕವನ್ನು ಗಡಗಡನೆ ಒಪ್ಪಿಸಿದರು. ನಾನು ಚಿತ್ರಗಳ ಮೇಲೆ ರಟ್ಟು ಇಟ್ಟು, ಈಗ ಓದಿ ಎಂದೆ. ಮೂವತ್ತರಲ್ಲಿ ಹತ್ತೊಂಬತ್ತು ಮಂದಿ ಬಾಯಿ ಬಿಡಲಿಲ್ಲ. ಒಬ್ಬಳು ಮೆಲ್ಲಗೆ ರಟ್ಟಿನ ತುದಿ ಎತ್ತಿ ಇಣುಕಿದಳು. 'ರಟ್ಟು ತೆಗಿ, ಪಾಪ ಹೆದರ್ಕೊಂಡಿದಾವೆ' ಎಂದು ನೀನು ನನ್ನ ಮೇಲೇ ರೇಗಿದೆ. ನನ್ನ ತರಗತಿಯಲ್ಲಿ ಓದಲಾರದವರು ಮೂವರು. ನಿನ್ನ ವರದಿಯ ಸಾಲು ನನಗೆ ಇಂದಿಗೂ ಬಾಯಿಪಾಠ: 'ಎರಡೂ ಕ್ರಮಗಳು ಸಮಾನ ಫಲ ನೀಡಿವೆ, ಚಿತ್ರದ ಕ್ರಮದಲ್ಲಿ ಮಕ್ಕಳು ಹೆಚ್ಚು ಲವಲವಿಕೆಯಿಂದ ಇದ್ದರು.' ನಾನು ತಕರಾರು ಮಾಡಿದಾಗ ನೀನು ನಗುತ್ತಾ, 'ಪುಸ್ತಕ ಅಚ್ಚಾಗಿ ಲಾರಿ ಹತ್ತಿಬಿಟ್ಟಿದೆ ಕಣೇ, ಈಗ ಬೇಡ ಅನ್ನೋಕಾಗುತ್ತಾ?' ಎಂದೆ. ಆ ವರದಿಗೂ ನಾನು ಸಹಿ ಹಾಕಿದ್ದೆ. ನನ್ನ ಸಹಿ ನಿನಗೆ ಅಭ್ಯಾಸವಾಗಿಬಿಟ್ಟಿದೆ.

ಮಗಳು ಹೇಗಿದ್ದಾಳೆ ಎಂದು ಕೊನೆಯ ಸಾಲಿನಲ್ಲಿ ಕೇಳಿದ್ದೀಯ, ಕಾಗದದಲ್ಲಿ ಜಾಗ ಉಳಿದಿತ್ತೆಂದು. ಚೆನ್ನಾಗಿದ್ದಾಳೆ. ನನ್ನ ಜೊತೆಯಲ್ಲೇ ಇದ್ದಾಳೆ. ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಹಸಿರು ಗಂಟು ಆಪರೇಷನ್ ಕೋಣೆಗೆ, ಬಿಳಿ ಗಂಟು ವಾರ್ಡಿಗೆ. ಬಣ್ಣದಲ್ಲಿ ಅವಳು ಒಮ್ಮೆಯೂ ತಪ್ಪಿಲ್ಲ. ಹೋದ ತಿಂಗಳು ಮೇಲ್ವಿಚಾರಕ ಒಂದು ಕಾಗದ ತಂದನಂತೆ. ಕಾಗದದ ಮೇಲ್ಭಾಗದಲ್ಲಿ ಹೂಗುಚ್ಛದ ಚಿತ್ರವಿತ್ತಂತೆ. ಆಸ್ಪತ್ರೆಯ ವಾರ್ಷಿಕೋತ್ಸವದ ಕರೆ ಇರಬೇಕೆಂದು ಸಹಿ ಹಾಕಿ, 'ನಾನೂ ಖಂಡಿತ ಬರ್ತೀನಿ ಸಾರ್' ಎಂದಳಂತೆ. ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದು ನಕ್ಕರಂತೆ. ಅದು ಬೆಳಗಿನ ನಾಲ್ಕು ಗಂಟೆಯ ಪಾಳಿಗೆ ಒಪ್ಪಿಗೆಪತ್ರ. ನೀನು ಕಲಿಸಿದ್ದನ್ನು ಅವಳು ಚಾಚೂ ತಪ್ಪದೆ ಮಾಡಿದಳು: ಚಿತ್ರ ನೋಡಿದಳು, ಊಹಿಸಿದಳು, ಲವಲವಿಕೆಯಿಂದ ಇದ್ದಳು.

ನಿನ್ನ ಮಗ ವಕೀಲನಾಗಿ ದಿನವಿಡೀ ಕಾಗದಪತ್ರ ಓದುತ್ತಾನೆಂದು ಕೇಳಿ ಸಂತೋಷ. ಓದಿಸಿದ ಕೈ ನನ್ನದು, ಆದ್ದರಿಂದ ಸಂತೋಷಪಡುವ ಹಕ್ಕು ನನಗಿದೆ.

ಹಾಗಾಗಿ ಸಹಿ ಇಲ್ಲ. ಹಾಜರಿ ಪುಸ್ತಕವನ್ನು ಕಳಿಸುತ್ತಿದ್ದೇನೆ, ಆದರೆ ನಿನಗಲ್ಲ, ಸಮಿತಿಯ ಉಳಿದ ಸದಸ್ಯರಿಗೆ. ಮೂರನೇ ವಾರದ ಪುಟಕ್ಕೆ ಗುರುತಿಟ್ಟಿದ್ದೇನೆ. ನಿನ್ನ ಕೈಬರಹ ಇನ್ನೂ ಮಾಸಿಲ್ಲ. ಸುತ್ತೋಲೆ ಸರಿಯಾಗಿಯೇ ಇದೆ, ಅದನ್ನು ಯಾರೂ ಅಲ್ಲಾಡಿಸದಿರಲಿ. ಕೈಪಿಡಿಯ ಮೊದಲ ಪುಟದಲ್ಲಿ ನಿನ್ನ ಭಾವಚಿತ್ರ ಮಾತ್ರ ಬೇಡ. ಚಿತ್ರವಿಲ್ಲದೆ ಓದುವುದನ್ನು ದೊಡ್ಡವರೂ ಕಲಿಯಲಿ.

ಮೊಮ್ಮಗಳಿಗೆ ನನ್ನ ಆಶೀರ್ವಾದ. ಬರುವ ವರ್ಷ ಒಂದನೇ ತರಗತಿಯಲ್ಲವೇ? ಅದೃಷ್ಟವಂತೆ, ಅಜ್ಜಿ ಮನಸ್ಸು ಬದಲಾಯಿಸಿದ ಮೇಲೆ ಶಾಲೆಗೆ ಹೋಗುತ್ತಾಳೆ. ನೂರು ಕಾಲ ಓದಿಕೊಂಡು ಸುಖವಾಗಿರಲಿ. ನೀನು ಮಂಡಿನೋವು ಇಟ್ಟುಕೊಂಡು ಮೆಟ್ಟಿಲು ಹತ್ತಬೇಡ. ವೇದಿಕೆಯ ಮೆಟ್ಟಿಲೂ ಮೆಟ್ಟಿಲೇ.

ಇಂತು ನಿನ್ನ
ಸೋಡಾಬುಡ್ಡಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಮಗಳಿಗೆ ಓದಿ ಹೇಳಿದೆ. ಅವಳ ವಿಷಯ ಬರೆದ ಮೇಲೆ ಅವಳಿಗೆ ತಿಳಿದಿರಲಿ ಎಂದು. ನಿಜ ಹೇಳಬೇಕೆಂದರೆ, ಅವಳೂ ನನ್ನ ಪರವಾಗಿ ನಿನ್ನನ್ನು ನಾಲ್ಕು ಮಾತು ಬೈಯಲಿ ಎಂದು. ಅವಳು ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು.

'ಅವರ ಕ್ಲಾಸಲ್ಲಿದ್ದ ಬೇರೆ ಮಕ್ಕಳಿಗೆ ಆಮೇಲೆ ಓದೋಕೆ ಬಂತಾ?' ಎಂದು ಕೇಳಿದಳು.

'ತುಂಬಾ ಜನಕ್ಕೆ ಬಂತು. ಮನೇಲಿ ಹೇಳಿಕೊಟ್ರು' ಎಂದೆ. ಕಂಡಕ್ಟರನಂತೂ ಟಿಕೆಟ್ಟಿನ ಹಿಂಬದಿಯಲ್ಲಿ ಅಕ್ಷರ ಬರೆದು ಮಗಳಿಗೆ ತಿದ್ದಿಸುತ್ತಿದ್ದನಂತೆ, ಅದನ್ನೂ ಹೇಳಿದೆ. ಹೇಳಬಾರದಿತ್ತು.

'ಮತ್ತೆ ನೀನ್ಯಾಕೆ ಹೇಳಿಕೊಡ್ಲಿಲ್ಲ?'

ನೀನು ಬೇಡವೆಂದಿದ್ದೆ, ಕುಳ್ಳಿ. ಮನೆಯಲ್ಲಿ ಕಲಿಸಿದರೆ ಫಲಿತಾಂಶ ಕೆಡುತ್ತದೆ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದೆ. ಎರಡು ವರ್ಷ ಪ್ರತಿ ಸಂಜೆ ಅವಳು ಪುಸ್ತಕ ತಂದು ನನ್ನ ತೊಡೆಯ ಮೇಲೆ ಹರಡಿ, ಅಕ್ಷರದ ಮೇಲೆ ಬೆರಳಿಟ್ಟು, 'ಅಮ್ಮಾ, ಇದೇನು?' ಎನ್ನುತ್ತಿದ್ದಳು. ಪ್ರತಿ ಸಂಜೆಯೂ ನಾನು 'ಚಿತ್ರ ನೋಡಿ ಹೇಳು' ಎನ್ನುತ್ತಿದ್ದೆ. ಅದೇ ದಿನ ಮೂವತ್ತು ಮಕ್ಕಳಿಗೆ ಆ ಅಕ್ಷರ ಹೇಳಿಕೊಟ್ಟು ಬಂದಿರುತ್ತಿದ್ದ ಬಾಯಿ ಅದು. ಪ್ರಯೋಗ ಮುಗಿದ ಮೇಲೆ ಕೂರಿಸಿಕೊಂಡು ಕಲಿಸಲು ಹೊರಟೆ. ಅಷ್ಟರಲ್ಲಿ ಅವಳು ಅಕ್ಷರ ನೋಡುವುದನ್ನೇ ಬಿಟ್ಟಿದ್ದಳು. ನನ್ನ ಮುಖ ನೋಡಿ ಊಹಿಸುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟೊಂದನ್ನು ಅವಳು ಸರಿಯಾಗಿ ಓದಿಕೊಂಡಳು. ಆಮೇಲೆ ಪುಸ್ತಕ ಮುಟ್ಟಲಿಲ್ಲ.

ಇಷ್ಟನ್ನೂ ಒಂದೂ ಬಿಡದೆ ಅವಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಬಟ್ಟೆಯ ಮಡಿಕೆ ಬಿಚ್ಚಿ, ಮತ್ತೆ ಮಡಚಿ, ಪಕ್ಕಕ್ಕಿಟ್ಟಳು.

'ಆ ಆಂಟಿ ಮಗನಿಗೋಸ್ಕರ ಮಾತು ಮುರಿದ್ರು' ಎಂದಳು. 'ನೀನು ನನಗೋಸ್ಕರ ಮುರೀಲಿಲ್ಲ.'

ಅವಳು ಇನ್ನೊಂದು ಬಟ್ಟೆ ಕೈಗೆತ್ತಿಕೊಂಡಳು.

'ಅವರ ಹೊಟ್ಟೇಲಿ ಹುಟ್ಟಬೇಕಿತ್ತು ನಾನು.'