ಇಳಿಸಿದ ತೂಕ

ಆಗಸ್ಟ್ ೧೮, ಭಾನುವಾರ

ಪ್ರೀತಿಯ ಕಡ್ಡಿ,

ನೀನು, ನಿನ್ನ ಯಜಮಾನರು, ಮಗಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಪತ್ರ ಬಂದು ಬಿದ್ದಿದ್ದರೂ ಉತ್ತರ ಬರೆಯದೆ ಕಲ್ಲಿನ ಹಾಗೆ ಕೂತಿದ್ದೆ. ಮನಸ್ಸಿಗೆ ಬಂದಷ್ಟು ಬೈದುಕೋ. ಫೋನ್ ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು ಬಾಯಿ ಹಾಕಿ ಉಳಿದರ್ಧ ನೀನೇ ಹೇಳಿ ಮುಗಿಸುತ್ತೀಯ. ಇದು ಹಾಗೆ ಮುಗಿಸುವ ಮಾತಲ್ಲ.

ನಮ್ಮ ಹೊಲಿಗೆ ಅಂಗಡಿಯವರೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೋ ನೋಡಿ ‘ಇದರಲ್ಲಿ ನೀನು ಯಾರೇ?’ ಎಂದು ಕೇಳಿದ್ದೀಯ. ಎಡಗಡೆಯಿಂದ ಎರಡನೆಯವಳು. ಶಾಲೆಯಲ್ಲಿ ನಮ್ಮಿಬ್ಬರಿಗೂ ಕಡ್ಡಿ, ಗಡಿಗೆ ಎಂದು ಹೆಸರಿಟ್ಟಿದ್ದ ಲೆಕ್ಕದ ಮೇಷ್ಟ್ರು ಈಗ ನೋಡಿದರೆ ಯಾರು ಯಾರೆಂದು ಅವರಿಗೇ ತಿಳಿಯಲಿಕ್ಕಿಲ್ಲ. ಇಪ್ಪತ್ತೆರಡು ಕಿಲೋ ಇಳಿಸಿದ್ದೇನೆ. ‘ಆಂಟಿ ಹಸಿವನ್ನು ಹೇಗೆ ತಡ್ಕೊಂಡ್ರಂತೆ ಕೇಳಮ್ಮಾ’ ಎಂದು ನಿನ್ನ ಮಗಳು ದುಂಬಾಲು ಬಿದ್ದಿದ್ದಾಳೆ ಎಂದು ಬರೆದಿದ್ದೀಯ. ಮೊದಲು ನೀನು ಓದು. ಅವಳಿಗೆ ಹೇಳಬೇಕೋ ಬೇಡವೋ ಆಮೇಲೆ ನೀನೇ ನಿರ್ಧರಿಸು.

ನನ್ನ ತಮ್ಮ ಗೊತ್ತಲ್ಲ, ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವನು. ಹೋದ ವರ್ಷ ಅವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಆಸ್ಪತ್ರೆಯಲ್ಲಿ ಯಂತ್ರಕ್ಕೆ ತೋಳು ಕೊಟ್ಟು ಮಲಗಬೇಕು, ರಕ್ತ ಹೊರಗೆ ಹೋಗಿ ಸೋಸಿಕೊಂಡು ಒಳಗೆ ಬರಬೇಕು. ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಆ ಪಾಡು ತಪ್ಪುತ್ತದೆ. ಅಮ್ಮನಿಗೆ ವಯಸ್ಸಾಯಿತು. ಅವನ ಹೆಂಡತಿಗೆ ಸಕ್ಕರೆ ಕಾಯಿಲೆ. ಉಳಿದವಳು ನಾನು. ರೈಲು ಹತ್ತಿ ಅವರ ಊರಿಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟೆ. ಎಲ್ಲ ಹೊಂದಿತು. ಡಾಕ್ಟರು ಕನ್ನಡಕ ತೆಗೆದಿಟ್ಟು, “ನಿಮ್ಮ ಕಿಡ್ನಿ ಒಪ್ಪುತ್ತೆ. ನಿಮ್ಮ ತೂಕ ಒಪ್ಪಲ್ಲ,” ಅಂದರು. “ಇಷ್ಟು ದಪ್ಪ ಇರೋವ್ರನ್ನ ಕೊಯ್ಯೋದು ನಿಮ್ಮ ಜೀವಕ್ಕೇ ಅಪಾಯ. ಇಪ್ಪತ್ತು ಕಿಲೋಗಿಂತ ಜಾಸ್ತಿ ಇಳೀಬೇಕು.”

ಆ ಕೋಣೆಯಲ್ಲಿ ಅಮ್ಮ, ತಮ್ಮ, ಅವನ ಹೆಂಡತಿ ಮೂವರೂ ಒಟ್ಟಿಗೆ ತಿರುಗಿ ನನ್ನ ಹೊಟ್ಟೆಯನ್ನು ನೋಡಿದರು ಕಣೇ. ಮುಖವನ್ನಲ್ಲ. ಅವನ ಹೊಟ್ಟೆಯೊಳಗೆ ಹೋಗಬೇಕಾದದ್ದಕ್ಕೆ ಅಡ್ಡ ನಿಂತಿದ್ದು ಅದೇ ತಾನೇ.

“ಕೊಡೋಕೆ ನಿಮಗೆ ಇಷ್ಟ ಇದೆಯಾ?” ಎಂದು ಕೇಳಿದವರು ಡಾಕ್ಟರೊಬ್ಬರೇ. ನಾನು ಬಾಯಿ ಬಿಡುವ ಮೊದಲೇ ಅಮ್ಮ, “ಇದೆ ಡಾಕ್ಟ್ರೇ, ಇಲ್ದೇ ಏನು?” ಅಂದಳು. ಇತ್ತು, ಇಲ್ಲ ಎನ್ನುವುದಿಲ್ಲ. ಆ ಎರಡಕ್ಷರವನ್ನು ನನ್ನ ಬಾಯಿಂದ ಹೇಳಬೇಕೆಂದಿತ್ತು, ಅಷ್ಟೆ.

ಊಟದ ಲೆಕ್ಕ ಹೇಳಿಕೊಡುವವಳು ಚಿಕ್ಕ ವಯಸ್ಸಿನ ಹುಡುಗಿ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬ್ರೆಡ್ಡು, ಪ್ಲಾಸ್ಟಿಕ್ಕಿನ ಮೊಟ್ಟೆ, ಪ್ಲಾಸ್ಟಿಕ್ಕಿನ ಬೆಣ್ಣೆ ಜೋಡಿಸಿಕೊಂಡಿದ್ದಳು. ದಿನಕ್ಕೆ ಸಾವಿರದ ಇನ್ನೂರು ಕ್ಯಾಲೊರಿ ಎಂದು ಬರೆದುಕೊಟ್ಟಳು. “ಹಸಿವಾದ್ರೆ?” ಎಂದು ಕೇಳಿದೆ. “ನೀರು ಕುಡೀರಿ. ಅದು ನಿಜವಾದ ಹಸಿವಲ್ಲ ಆಂಟಿ, ಅಭ್ಯಾಸ,” ಅಂದಳು. ಮೊದಲ ವಾರ ಆ ಪ್ಲಾಸ್ಟಿಕ್ ಬ್ರೆಡ್ಡನ್ನೇ ತಂದಿದ್ದರೂ ಆಗುತ್ತಿತ್ತಲ್ಲ ಎನ್ನಿಸಿತು.

ಈಗ ನಿನ್ನ ಮಗಳ ಪ್ರಶ್ನೆಗೆ ಬರುತ್ತೇನೆ. ಸೌತೆಕಾಯಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿದರೆ ತಟ್ಟೆ ತುಂಬುತ್ತದೆ, ಹೊಟ್ಟೆ ತುಂಬುವುದಿಲ್ಲ. ಬಿಸಿ ಸೂಪನ್ನು ಚಿಕ್ಕ ಚಮಚದಲ್ಲಿ ಕುಡಿದರೆ ಅರ್ಧ ಗಂಟೆ ಬರುತ್ತದೆ. ಸಂಜೆ ಊಟವಾದ ತಕ್ಷಣ ಹಲ್ಲುಜ್ಜಿಬಿಟ್ಟರೆ ಮತ್ತೆ ಬಾಯಾಡಿಸಲು ಮನಸ್ಸಾಗುವುದಿಲ್ಲ. ಆಗುತ್ತದೆ, ಆದರೆ ಪೇಸ್ಟಿನ ರುಚಿ ತಡೆಯುತ್ತದೆ. ನಮ್ಮ ಅಂಗಡಿಯ ಕೆಳಗೇ ಬೇಕರಿ. ಹನ್ನೊಂದು ಗಂಟೆಗೆ ಅವರು ಒಲೆಯ ಬಾಗಿಲು ತೆಗೆದರೆಂದರೆ ಮೆಟ್ಟಿಲು ಹತ್ತಿಕೊಂಡು ಬರುವ ಬೆಣ್ಣೆಯ ವಾಸನೆ ನೇರ ನನ್ನ ಮಿಷನ್ನಿನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಕಿಟಕಿ ಮುಚ್ಚಿದೆ. ಸೆಕೆ ತಡೆಯಲಾಗದೆ ಉಳಿದವರು ಬೈದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಲಿದೆ. ಸಮವಸ್ತ್ರದ ಅಂಗಿಯೊಂದಕ್ಕೆ ಎರಡೂ ಕಡೆ ಎಡಗೈ ತೋಳೇ ಇಟ್ಟುಬಿಟ್ಟಿದ್ದೆ, ಅಂಗಡಿಯ ಯಜಮಾನರು ಹಿಡಿದೆತ್ತಿ, “ಇದನ್ನ ಯಾವ ಪ್ರಾಣಿ ಹಾಕ್ಕೊಳ್ಳತ್ತಮ್ಮಾ?” ಅಂದರು. ಎಲ್ಲರೂ ನಕ್ಕರು. ನಾನು ಅಳುತ್ತ ಹೊರಗೆ ಹೋದೆ. ಹಸಿವು ಹೊಟ್ಟೆಯಲ್ಲಿರುತ್ತದೆ ಎಂದುಕೊಂಡಿದ್ದೆ. ಇಲ್ಲ ಕಣೇ, ಅದು ಕಣ್ಣಿನಲ್ಲಿರುತ್ತದೆ, ನಾಲಿಗೆಯ ತುದಿಯಲ್ಲಿರುತ್ತದೆ, ಮೂಗಿನ ಮೇಲಿನ ಸಿಟ್ಟಿನಲ್ಲಿರುತ್ತದೆ. ಸೊಂಟ ಬಿಗಿಯಾಯಿತು, ಸ್ವಲ್ಪ ಬಿಡಿಸಿಕೊಡಿ ಎಂದು ಪ್ಯಾಂಟು ತಂದ ಗಂಡಸೊಬ್ಬನಿಗೆ, “ಬಟ್ಟೆ ಯಾಕೆ ಬಿಡಿಸ್ತೀರಿ, ಬಾಯಿ ಕಟ್ಟಿ,” ಎಂದುಬಿಟ್ಟೆ. ನಲವತ್ತೇಳು ವರ್ಷ ಜನ ನನಗೆ ಅಂದ ಮಾತನ್ನು ನಾನೇ ಇನ್ನೊಬ್ಬರಿಗೆ ಅಂದೆ.

ಗುಂಡಿ ಹಚ್ಚುವ ಅಕ್ಕ, ನಾವು ಗುಂಡಕ್ಕ ಎನ್ನುತ್ತೇವಲ್ಲ, ತನ್ನ ಡಬ್ಬಿಯನ್ನು ನನಗೆ ಬೆನ್ನು ಮಾಡಿ ಕೂತು ತಿನ್ನುತ್ತಿದ್ದಳು. ಒಂದು ದಿನ ಅವಳಿಗೂ ತಡೆಯಲಾಗಲಿಲ್ಲ. “ಕೊಡೋಳು ನೀನು. ಕೊಡೋ ಮುಂಚೆನೇ ಹೀಗೆ ಅರ್ಧ ಆಗ್ಬಿಟ್ರೆ ಕೊಡೋಕೆ ಏನುಳಿಯತ್ತೆ?” ಅಂದಳು.

ಆಮೇಲೆ ಅಮ್ಮ ಬಂದಳು. ‘ಇವಳ ಬಾಯಿ ಕಾಯಕ್ಕೆ ಯಾರಾದ್ರೂ ಬೇಕು’ ಎಂದು ತಮ್ಮನ ಮನೆಯಿಂದ ಹೊರಟು ನನ್ನ ಒಂದು ಕೋಣೆಯ ಮನೆಗೆ ಬಂದು ಉಳಿದಳು. ನನ್ನ ಮನೆಗೆ ಅವಳು ಬಂದು ಎಷ್ಟು ವರ್ಷವಾಗಿತ್ತೋ. ಬಂದವಳೇ ಬೀರು ತೆಗೆದು ಬಿಸ್ಕತ್ತಿನ ಡಬ್ಬಿ ಎತ್ತಿ ಪಕ್ಕದ ಮನೆಗೆ ಕೊಟ್ಟಳು. ನಾನು ಚಿಕ್ಕವಳಿದ್ದಾಗಲೂ ಹಾಗೇ ಅಲ್ಲವೇ, ನನ್ನ ತಟ್ಟೆಯಿಂದ ಎತ್ತಿ ತಮ್ಮನ ತಟ್ಟೆಗೆ ಹಾಕುವುದು. ‘ನಿನಗೆ ಇರೋ ಮೈ ಸಾಕು, ಅವನು ಸೊರಗಿದ್ದಾನೆ’ ಎನ್ನುವುದು. ಊಟಕ್ಕೆ ಎದುರಿಗೆ ಕೂತು ನನ್ನ ಕೈ ನೋಡುತ್ತಿದ್ದಳು.

“ಅಮ್ಮಾ, ನೀನು ಹಾಗೆ ನೋಡಿದ್ರೆ ಗಂಟಲಲ್ಲಿ ಇಳಿಯಲ್ಲ,” ಅಂದೆ.

“ಇಳೀದೇ ಇರ್ಲಿ ಅಂತಾನೇ ನೋಡ್ತಿರೋದು,” ಅಂದಳು.

ಆದರೂ ಬೆಳಗ್ಗೆ ಎದ್ದಾಗ ಮನೆಯಲ್ಲಿ ಇನ್ನೊಬ್ಬರು ಕೆಮ್ಮುವ ಸದ್ದು ಕೇಳಿದರೆ ಹಿತವಾಗುತ್ತಿತ್ತು. ತಲೆಗೆ ಎಣ್ಣೆ ಹಚ್ಚುತ್ತೀಯಾ ಎಂದು ಕೇಳಿದರೆ ಹಚ್ಚಿದಳು ಕೂಡ. ಹಚ್ಚುತ್ತ ಹಚ್ಚುತ್ತ, “ಕೂದಲು ಉದುರ್ತಿದೆಯಲ್ಲೇ,” ಅಂದಳು. ಸರಿಯಾಗಿ ತಿನ್ನದಿದ್ದರೆ ಉದುರುತ್ತದಂತೆ ಎಂದೆ. ಒಂದು ಗಳಿಗೆ ಕೈ ನಿಂತಿತು. ಆಮೇಲೆ, “ಮತ್ತೆ ಬರತ್ತೆ ಬಿಡು,” ಅಂದಳು. ಎರಡು ವಾರ ಇದ್ದು ಹೋದಳು.

ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದದ್ದು ತಮ್ಮನ ಫೋನಿನ ವಿಷಯ. ಮೊದಲೆಲ್ಲ ವರ್ಷಕ್ಕೆ ಒಂದೋ ಎರಡೋ ಸಲ ಮಾತಾಡಿದರೆ ಹೆಚ್ಚು. ಈಗ ಪ್ರತಿ ಸಂಜೆ, ನಾನು ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಸರಿಯಾಗಿ ಫೋನು. ಮೊದಮೊದಲು ತೂಕದ ಮಾತು. ನಿಧಾನವಾಗಿ ಬೇರೆ ಮಾತು. ಅವನಿಗೆ ನೀರು ಕುಡಿಯುವಂತಿರಲಿಲ್ಲ, ದಿನಕ್ಕೆ ಎರಡು ಲೋಟ ಮಾತ್ರ. ನನಗೆ ತಿನ್ನುವಂತಿರಲಿಲ್ಲ. “ಅಕ್ಕಾ, ಒಂದು ಲೋಟ ನೀರು ತಗೊಂಡು ಫೋನ್ ಹತ್ರ ಕುಡಿಯೇ, ಸದ್ದು ಕೇಳ್ತೀನಿ,” ಅನ್ನುತ್ತಿದ್ದ. ನಾನು ಗಟಗಟನೆ ಕುಡಿಯುತ್ತಿದ್ದೆ. ಅವನು ಆ ಕಡೆ, “ಆಹಾ,” ಅನ್ನುತ್ತಿದ್ದ. ಆಮೇಲೆ ಅವನು ರಸ್ಕು ತಿನ್ನುತ್ತಿದ್ದ, ನಾನು ಕರುಮುರು ಕೇಳುತ್ತಿದ್ದೆ. ಇಬ್ಬರೂ ಹುಚ್ಚರ ಹಾಗೆ ನಗುತ್ತಿದ್ದೆವು. ಕಡ್ಡೀ, ಆ ತಿಂಗಳುಗಳಲ್ಲಿ ಹಸಿವು ನನಗೆ ದೊಡ್ಡದೆನ್ನಿಸಲೇ ಇಲ್ಲ. ಹೊಟ್ಟೆ ಚುರುಗುಟ್ಟಿದರೆ, ಇದು ಅವನಿಗೆ ಸಲ್ಲುತ್ತಿದೆ ಎಂದುಕೊಂಡು ಕೂರುತ್ತಿದ್ದೆ.

ಒಂದೇ ಒಂದು ಸಲ ತಪ್ಪಿದೆ. ಯಜಮಾನರಿಗೆ ಅರವತ್ತು ತುಂಬಿತೆಂದು ಅಂಗಡಿಯಲ್ಲಿ ಕೇಕು ಕತ್ತರಿಸಿದರು. ಒಂದು ತುಂಡು ತಿಂದೆ. ಮತ್ತೊಂದು ತಿಂದೆ. ತಟ್ಟೆಗೆ ಹತ್ತಿದ್ದ ಕೆನೆಯನ್ನು ಬೆರಳಲ್ಲಿ ಬಳಿದು ತಿಂದೆ. ಸಂಜೆ ಅವನಿಗೆ ನಗುತ್ತಲೇ ಹೇಳಿದೆ, ಅವನೂ ನಗುತ್ತಾನೆಂದುಕೊಂಡು. ಅವನು ನಗಲಿಲ್ಲ. ಮೆಲ್ಲಗೆ, “ನಾನಿಲ್ಲಿ ಸೂಜಿ ಚುಚ್ಚಿಸ್ಕೊಂಡು ಮಲಗಿದೀನಿ. ನೀನು ಕೇಕ್ ತಿಂತಿದೀಯ,” ಎಂದು ಫೋನಿಟ್ಟ. ಮರುದಿನ ನಾನು ಏನನ್ನೂ ತಿನ್ನಲಿಲ್ಲ. ಅದರ ಮರುದಿನವೂ. ಮಿಷನ್ನಿನ ಮೇಲೆ ಕಣ್ಣು ಕತ್ತಲೆ ಬಂದು ಕುಸಿದೆ. ಗುಂಡಕ್ಕ ಸಕ್ಕರೆ ನೀರು ಕುಡಿಸಲು ಬಂದರೆ ಹಲ್ಲು ಕಚ್ಚಿಕೊಂಡಿದ್ದೆನಂತೆ.

ಕೊನೆಯ ಒಂದು ಕಿಲೋ ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಸೂಪು ಬಿಟ್ಟು ಬೇರೇನೂ ಇಲ್ಲದೆ ವಾರಕ್ಕೂ ಮಿಕ್ಕಿ ತಳ್ಳಿದೆ. ಅಂತೂ ಒಂದು ಬೆಳಗ್ಗೆ ತೂಕದ ಯಂತ್ರದ ಮುಳ್ಳು ಡಾಕ್ಟರು ಹೇಳಿದ ಗೆರೆಯ ಮೇಲೆ ಬಂದು ನಿಂತಿತು. ಯಾರಿಗೂ ಹೇಳಲಿಲ್ಲ. ಹಳೆಯ ನೀಲಿ ಉಡುಪನ್ನು ಅರ್ಧಕ್ಕೆ ಬಿಗಿ ಹಿಡಿದು ಹೊಲಿದುಕೊಂಡು, ರೈಲು ಹತ್ತಿ, ನೇರ ಆಸ್ಪತ್ರೆಗೆ ಹೋಗಿ, ‘ತಗೊಳ್ಳಿ’ ಎನ್ನಬೇಕೆಂದು ಹೊರಟೆ. ದಾರಿಯುದ್ದಕ್ಕೂ ನನ್ನ ಮುಖದ ಮೇಲೆ ನಗು ಇದ್ದಿರಬೇಕು, ಎದುರು ಸೀಟಿನವಳು ಸುಮ್ಮಸುಮ್ಮನೆ ನನ್ನನ್ನು ನೋಡಿ ನಕ್ಕಳು.

ನಾನು ತಲುಪುವಷ್ಟರಲ್ಲಿ ಅವನಿಗೆ ಬೇರೆ ಕಡೆಯಿಂದ ಕಿಡ್ನಿ ಸಿಕ್ಕಿತ್ತು. ರಸ್ತೆ ಅಪಘಾತದಲ್ಲಿ ತೀರಿಕೊಂಡ ಯಾರೋ ಒಬ್ಬರದು. ಅವರ ಮನೆಯವರು ಕೊಟ್ಟರಂತೆ. ಅವರ ಹೊಟ್ಟೆ ತಣ್ಣಗಿರಲಿ. ಗಾಜಿನ ಆಚೆಯಿಂದ ನೋಡಿದೆ. ತಮ್ಮನ ಮುಖಕ್ಕೆ ಬಣ್ಣ ಬಂದಿತ್ತು. ಪಕ್ಕದಲ್ಲಿ ಹೂಜಿ ತುಂಬ ನೀರು. ನನ್ನನ್ನು ಕಂಡು ಕೈ ಎತ್ತಿದ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಅಮ್ಮ, “ನಿನ್ನನ್ನ ಕೊಯ್ಯೋದು ತಪ್ಪಿತಲ್ಲ, ಪುಣ್ಯ. ಅಂತೂ ಈ ನೆಪದಲ್ಲಿ ನಿನ್ನ ಮೈ ಇಳೀತು, ಲಾಭ ನಿನಗೇ,” ಅಂದಳು. ಅಲ್ಲಿದ್ದ ನೆಂಟರೆಲ್ಲ ನನ್ನನ್ನು ತಿರುಗಿಸಿ ತಿರುಗಿಸಿ ನೋಡಿ, “ಎಷ್ಟು ಚೆನ್ನಾಗಿ ಕಾಣ್ತೀಯ!” ಎಂದರು. ಕಿಡ್ನಿ ಕೊಡದಿದ್ದವಳಿಗೆ ಅಷ್ಟು ಬಹುಮಾನ ಸಾಕಲ್ಲವೇ? ಅದೇ ಸಂಜೆಯ ರೈಲಿಗೆ ವಾಪಸ್ಸು ಬಂದೆ. ಆಮೇಲೆ ಆ ಸಂಜೆಯ ಫೋನು ನಿಂತಿತು. ಗುಣವಾಗುವವರಿಗೆ ನೂರು ಕೆಲಸ, ನಾನು ತಪ್ಪು ತಿಳಿಯುವುದಿಲ್ಲ. ಚಪ್ಪಲಿ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಬಾಗಿಲ ಹತ್ತಿರವೇ ನಿಂತಿರುತ್ತೇನೆ, ಅಷ್ಟೆ.

ಉದ್ದವಾಯಿತು. ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ನಿನ್ನ ಮಗಳಿಗೆ ನನ್ನ ಆಶೀರ್ವಾದ. ಅವಳು ನೂರು ಕಾಲ ಹೊಟ್ಟೆ ತುಂಬ ಉಂಡು, ಗಟ್ಟಿಯಾಗಿ ನಗುತ್ತ ಇರಲಿ. ನೀನು ಮೈ ನೋಡಿಕೋ.

ಇಂತಿ ನಿನ್ನ,
ಗಡಿಗೆ

ತಾ.ಕ.: ಲಕೋಟೆಗೆ ಹಾಕುವ ಮೊದಲು ಓದಿ ನೋಡಿದೆ. ಹೇಳಬೇಕಾದದ್ದನ್ನೇ ಬಿಟ್ಟಿದ್ದೇನೆ. ನಾನು ಆಸ್ಪತ್ರೆಗೆ ಹೋದ ದಿನಕ್ಕೆ ಅವನ ಆಪರೇಷನ್ ಆಗಿ ವಾರದ ಮೇಲಾಗಿತ್ತು. ನನಗೆ ಅದನ್ನು ಹೇಳಿದವಳು ನರ್ಸು. ನಾನು ಬರೀ ಸೂಪು ಕುಡಿದು ಆ ಕೊನೆಯ ಕಿಲೋಗೆ ಒದ್ದಾಡುತ್ತಿದ್ದಾಗ ಅವನ ಹೊಟ್ಟೆಯಲ್ಲಿ ಹೊಸ ಕಿಡ್ನಿ ಆಗಲೇ ಕೂತಿತ್ತು. ಆ ದಿನಗಳಲ್ಲಿ ಸಂಜೆ ಫೋನ್ ಮಾಡುತ್ತಿದ್ದವಳು ಅವನ ಹೆಂಡತಿ. “ಇವರಿಗೆ ಸುಸ್ತು, ಮಲಗಿದಾರೆ. ಇವತ್ತು ತೂಕ ಎಷ್ಟು ಬಂತಕ್ಕಾ? ಇನ್ನೊಂದು ಸ್ವಲ್ಪ ಮನಸ್ಸು ಗಟ್ಟಿ ಮಾಡಿ,” ಅನ್ನುತ್ತಿದ್ದಳು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ಅವಳ ಕೈ ಹಿಡಿದು ನಿಲ್ಲಿಸಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಪಾಪ, ಅವಳು ಮುಚ್ಚಿಡಲಿಲ್ಲ. “ಹೊಸದು ಹಿಡಿಯತ್ತೋ ಇಲ್ವೋ ಅಂತ ಡಾಕ್ಟರಿಗೇ ಗೊತ್ತಿರ್ಲಿಲ್ಲ ಅಕ್ಕಾ. ಈಗಲೇ ಹೇಳ್ಬೇಡ, ಹೇಳಿದ್ರೆ ಅಕ್ಕ ತಿನ್ನೋಕೆ ಶುರು ಮಾಡಿಬಿಡ್ತಾಳೆ, ಆಮೇಲೆ ಬೇಕಾದ್ರೆ ಏನ್ ಮಾಡೋದು ಅಂತ ಇವರೇ ಅಂದ್ರು,” ಅಂದಳು.

ಫೋನು ನಿಂತಿತು ಎಂದೆನಲ್ಲ, ಪೂರ್ತಿ ನಿಜವಲ್ಲ. ನಿನ್ನೆ ಒಂದು ಸಲ ಮಾಡಿದ್ದ. ದನಿ ಚೆನ್ನಾಗಿತ್ತು. ಆ ವಿಷಯ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಇಡುವ ಮೊದಲು, “ಅಕ್ಕಾ, ತೂಕ ಹಾಗೇ ಇಟ್ಕೊಂಡಿದೀಯ ತಾನೇ?” ಎಂದು ಕೇಳಿದ. “ಹೂಂ ಕಣೋ,” ಅಂದೆ.

ಅವನಿಗೆ ನಾನು ಸುಳ್ಳು ಹೇಳಲಿಲ್ಲ ಕಡ್ಡೀ. ಇಟ್ಟುಕೊಂಡಿದ್ದೇನೆ.