ಅವ್ವನ ಮೇಲಿನ ಧೋತರ

ತಮ್ಮಾ ಕಳಕಪ್ಪ,

ನಿನ್ನೆ ಅವ್ವ ತೀರಿಕೊಂಡಳು.

“ಯುದ್ಧ ನಡದ್ರ ಹತ್ತಿ ಬಂಗಾರ ಆಗ್ತೈತಿ” ಎಂದು ಪಲ್ಟನ್ನಿಗೆ ಹೊರಟಾಗ ನೀನು ಹೇಳಿದ್ದು ನಿಜವಾಯಿತು. ನಮ್ಮ ಅಳವಂಡಿಯ ಹತ್ತಿಗೆ ಎಂದೂ ಕಾಣದ ದರ ಬಂತು. ಪ್ರತಿವರ್ಷ ಅವ್ವ ನೂಲಲೆಂದು ಎತ್ತಿಡುತ್ತಿದ್ದ ಹತ್ತಿಯನ್ನೂ ಈ ಸಲ ಮಾರಿದೆವು.

ಅವಳ ಮೇಲೆ ಹೊದಿಸಲು ಹೊಸ ಬಟ್ಟೆ ಕೊಪ್ಪಳದ ಪೇಟೆಯಲ್ಲೂ ಸಿಗಲಿಲ್ಲ. “ಅರಿವಿ ಎಲ್ಲಾ ದಂಡಿಗೆ ಹೋಗೈತ್ರಿ. ನಿಮ್ಮ ಹತ್ತೀದೇ ಇರಬೇಕು” ಎಂದ ಅಂಗಡಿಯವ. ಜೊತೆಗಿದ್ದ ಅಪ್ಪ ಅಂಗಡಿಯಿಂದ ಇಳಿದುಬಿಟ್ಟ.

ಮನೆಗೆ ಬಂದು ಅವ್ವನ ಪೆಟ್ಟಿಗೆ ತೆರೆದೆವು. ಬರ್ಮಾದಿಂದ ನಿನ್ನ ಸಾವಿನ ಸುದ್ದಿ ಬಂದರೂ ನಂಬದೆ, ನೀನು ಬಂದಾಗ ಉಡಲೆಂದು ಅವಳು ಮಡಿಸಿಟ್ಟಿದ್ದ ಹೊಸ ಧೋತರ ಅಲ್ಲಿತ್ತು.

ಅದನ್ನೇ ಹೊದಿಸಿದೆವು. ನೀನು ಎತ್ತರದವನು, ಅವ್ವನಿಗೆ ಸಾಕಾಗಿ ಇನ್ನೂ ಮಿಕ್ಕಿತು.

ನಿನ್ನ ಅಣ್ಣ,
ವಿರೂಪಾಕ್ಷಪ್ಪ